ಕ್ರೋಂಪೇಟೆಯಲ್ಲಿ ಕಪ್ಪೆ ಲ್ಯಾಂಡ್

ನವರಾತ್ರಿಯ ಮೂರನೇ ದಿನ, ಶುಕ್ರವಾರ ಬೆಳಿಗ್ಗೆ, ನಮ್ಮತ್ತೆ ಮೈಸೂರಿನಿಂದ ರೈಲಿಳಿದು ಬಂದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರಿಗೆ ಕಂಡ ಮೊದಲ ದೃಶ್ಯ: ನಮ್ಮ ಮನೆಯ ಮಹಾರಾಜರು ಕಪ್ಪೆಯ ಮೇಲೆ ಕೂತಿದ್ದಾರೆ.

ಸುಮ್ಮನೆ ಕೂತಿದ್ದರೆ ಒಂದು ಮಾತು. ಕಪ್ಪೆ ಸಮೇತ ಹಾಲ್ ತುಂಬ ಓಡಾಡುತ್ತಿದ್ದರು. ಮಹಾರಾಣಿ ಪಾಪ, ಮೇಲಿನ ಮೆಟ್ಟಿಲಲ್ಲಿ ಒಬ್ಬಳೇ ಕೂತು ಗಂಡನ ಅವಸ್ಥೆ ನೋಡುತ್ತಿದ್ದಳು.

ಮಹಾರಾಜ, ಮಹಾರಾಣಿ ಅಂದರೆ ಪಟ್ಟದ ಬೊಂಬೆಗಳು. ನನ್ನ ಮದುವೆಯಲ್ಲಿ ನಮ್ಮಮ್ಮ ಕೊಟ್ಟ ಮರದ ಜೋಡಿ. ಮೈಸೂರು ಕಡೆಯ ಮನೆಗಳಲ್ಲಿ ಬೊಂಬೆ ಕೂರಿಸುವುದು ಅಂದರೆ ಮೊದಲು ಇವರಿಬ್ಬರು, ಆಮೇಲೆ ಉಳಿದ ಪ್ರಪಂಚ. ವರ್ಷಕ್ಕೊಂದು ಸಲ ಜರಿ ಬಟ್ಟೆ ಉಟ್ಟು ಎಲ್ಲರಿಗಿಂತ ಮೇಲೆ ಕೂರುವ ದಂಪತಿ. ಅಂಥವರಲ್ಲಿ ಒಬ್ಬರು ಹೀಗೆ ಕಪ್ಪೆ ಹತ್ತಿ ಅಡುಗೆಮನೆ ಕಡೆ ಹೊರಟರೆ ಹೇಗೆ?

ಅತ್ತೆ ಬ್ಯಾಗು ಕೆಳಗಿಡಲೂ ಇಲ್ಲ.

"ಶಿವ ಶಿವಾ! ಏನೇ ಇದು?"

ನಾನು ಅಡುಗೆಮನೆಯಲ್ಲಿ ಕಡಲೆಕಾಳು ಉಸಲಿಗೆ ಒಗ್ಗರಣೆ ಹಾಕುತ್ತಿದ್ದೆ. ಒಗ್ಗರಣೆ ನೆಪದಲ್ಲಿ ಅಲ್ಲೇ ಉಳಿದುಬಿಟ್ಟೆ. ಇದರಲ್ಲಿ ನನ್ನ ಪಾಲೂ ಇತ್ತು ನೋಡಿ.

ಇದೆಲ್ಲ ಶುರುವಾಗಿದ್ದು ಒಂದು ವೀಡಿಯೊ ಗೇಮಿನಿಂದ. ನನ್ನ ಮಗಳು ಇಂಚರಾಗೆ ಹನ್ನೊಂದು ವರ್ಷ. ಅವಳ ಟ್ಯಾಬ್‌ನಲ್ಲಿ ಒಂದು ಕಪ್ಪೆ ಇದೆ. ಆ ಕಪ್ಪೆಗೆ ಕೆಲಸವೂ ಇದೆ: ಪೋಸ್ಟ್‌ಮ್ಯಾನು. ಬೆನ್ನಿಗೆ ಚೀಲ ಹಾಕಿಕೊಂಡು ತಾವರೆ ಎಲೆಯಿಂದ ಎಲೆಗೆ ಹಾರಿ, ಏಳು ದ್ವೀಪಗಳಿಗೆ ಕಾಗದ ಮುಟ್ಟಿಸಬೇಕು. ಈಗಾಗಲೇ ನಾಲ್ಕನೇ ಭಾಗ ಬಂದಿದೆಯಂತೆ. ಕಪ್ಪೆ ಟೀ ಶರ್ಟು, ಕಪ್ಪೆ ಟಿಫನ್ ಬಾಕ್ಸು, ಕಪ್ಪೆ ಚಪ್ಪಲಿ ಎಲ್ಲ ಮಾರ್ಕೆಟ್ಟಲ್ಲಿದೆ. (ಗೇಮಿನ ಹೆಸರು ಹೇಳಲ್ಲ. ಪುಕ್ಕಟೆ ಪ್ರಚಾರ ನಾನ್ಯಾಕೆ ಕೊಡಲಿ?)

ಎರಡು ತಿಂಗಳ ಹಿಂದೆ ಇವಳು ಒಂದು ವೀಡಿಯೊ ತೋರಿಸಿದಳು. ಎಲ್ಲೋ ವಿದೇಶದಲ್ಲಿ ಒಂದು ಗೇಮಿನ ಲೋಕವನ್ನೇ ಥೀಮ್ ಪಾರ್ಕಿನೊಳಗೆ ಕಟ್ಟಿ ನಿಲ್ಲಿಸಿದ್ದಾರೆ. ಜನ ಕೈಗೊಂದು ಪಟ್ಟಿ ಕಟ್ಟಿಕೊಂಡು ಗೋಡೆ ಮುಟ್ಟುತ್ತಾರೆ, ಗೋಡೆ ಸದ್ದು ಮಾಡುತ್ತದೆ. ಗುಂಡಿ ಒತ್ತುತ್ತಾರೆ, ಏನೋ ಹಾರುತ್ತದೆ. ದೊಡ್ಡವರೂ ಚಿಕ್ಕ ಮಕ್ಕಳ ಹಾಗೆ ಕಿರುಚುತ್ತಿದ್ದಾರೆ.

"ಅಮ್ಮಾ, ಇದು ಇಂಟರಾಕ್ಟಿವ್ ಲ್ಯಾಂಡ್. ಸುಮ್ನೆ ನೋಡೋದಲ್ಲ. ನಾವೇ ಗೇಮ್ ಒಳಗೆ ಇರ್ತೀವಿ. ನಮ್ಮ ಕಪ್ಪೆಗೆ ಎಪ್ಪೋ ಮಾಡ್ತಾರೆ?"

('ಎಪ್ಪೋ' ಅಂದರೆ 'ಯಾವಾಗ'. ಚೆನ್ನೈನ ಕ್ರೋಂಪೇಟೆಗೆ ಬಂದು ಎರಡು ವರ್ಷವಾಯಿತು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮೂರು ಭಾಷೆಯ ಚಿತ್ರಾನ್ನದಲ್ಲಿ ಉತ್ತರ ಕೊಡುತ್ತಾಳೆ.)

"ಅವರು ಮಾಡೋವರೆಗೂ ಯಾಕೆ ಕಾಯ್ತೀಯಾ, ನೀನೇ ಮಾಡು," ಅಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ. ಗಂಡಸರು ಪೇಪರ್ ಓದುತ್ತ ಆಡಿದ ಮಾತಿನಿಂದಲೇ ಮನೆಯಲ್ಲಿ ಅರ್ಧ ರಾಮಾಯಣ ಆಗುವುದು.

ಮರುದಿನ ಚಾರ್ಟ್ ಪೇಪರ್ ಬಂತು. ಪ್ಲಾನು ಸಿದ್ಧವಾಯಿತು. ನಾನು ತಮಾಷೆ ನೋಡೋಣ ಅಂತ ಪಕ್ಕದಲ್ಲಿ ಕೂತೆ. ಸತ್ಯ ಹೇಳಬೇಕಂದರೆ ಹತ್ತು ನಿಮಿಷದಲ್ಲಿ ನಾನೂ ಒಳಗೆ ಬಿದ್ದೆ.

ಬಾಗಿಲೇ ಕಪ್ಪೆಯ ಬಾಯಿ. ಒಳಗೆ ಹೋದರೆ ನಾಲಿಗೆಯೇ ಜಾರುಬಂಡೆ. ಜಾರಿ ಬಿದ್ದ ಜಾಗದಲ್ಲಿ ಪೋಸ್ಟ್ ಆಫೀಸು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಚೀಲ, ಏಳು ಕಾಗದ. ತಾವರೆ ಎಲೆಯ ಮೇಲೆ ಹಾರಬೇಕು. ಸರಿಯಾದ ಎಲೆ ಆದರೆ ದೀಪ ಹತ್ತುತ್ತದೆ, ತಪ್ಪು ಎಲೆ ಆದರೆ ಕೆಳಗಿನಿಂದ ನೀರು ಚಿಮ್ಮುತ್ತದೆ. ದ್ವೀಪಕ್ಕೊಂದು ಮನೆ. ಬಾಗಿಲು ತಟ್ಟಿದರೆ ಒಳಗಿನಿಂದ ಆಮೆಯೋ ಅಳಿಲೋ ಮಾತಾಡುತ್ತದೆ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಕೊನೆಯ ದ್ವೀಪದಲ್ಲಿ ಕೊಕ್ಕರೆ.

"ಕೊಕ್ಕರೆಗೆ ಹೊಡೀಬೇಕಾ?"

"ಛೀ! ನಗಿಸಬೇಕು. ಅದು ನಗೋದೇ ಇಲ್ಲ. ಅದು ಬಾಸು."

"ನಗದೇ ಇದ್ರೆ?"

"ಮೊದಲಿಂದ ಶುರು."

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಇಂಥ ಬಾಸನ್ನು ನಾನೂ ನೋಡಿದ್ದೇನೆ, ಅದು ಬೇರೆ ವಿಷಯ.

ಆ ರಾತ್ರಿ ನನ್ನ ಮನಸ್ಸು ಇನ್ನೊಂದು ಲ್ಯಾಂಡು ಕಟ್ಟಿತು. ಇದೇ ಕಪ್ಪೆ ಲ್ಯಾಂಡು ನಿಜವಾಗಿ ಚೆನ್ನೈಗೆ ಬಂದರೆ ಹೇಗಿರುತ್ತದೆ? ಬೀಚ್ ರಸ್ತೆಯಲ್ಲಿ ದೊಡ್ಡ ಗೇಟು. ಗೇಟಿನ ಮುಂದೆ ಎರಡು ಗಂಟೆ ಕ್ಯೂ. ಮೇ ತಿಂಗಳ ಬಿಸಿಲಲ್ಲಿ ಕಪ್ಪೆ ವೇಷದೊಳಗೆ ನಿಂತ ಪುಣ್ಯಾತ್ಮ ಯಾರೋ, ಅವನ ಬೆವರಿಗೇ ಕೊಳ ತುಂಬುತ್ತದೆ. ತಾವರೆ ಎಲೆಯ ಮೇಲೆ ಒಂದು ಇಡೀ ಕುಟುಂಬ ನಿಂತು ಗ್ರೂಪ್ ಫೋಟೋ ತೆಗೆಸಿಕೊಳ್ಳುತ್ತಿರುತ್ತದೆ. ಹಿಂದಿನ ಎಲೆಯವರು "ಸೀಕ್ರಂ, ಸೀಕ್ರಂ" ಅಂತ ಅವಸರ ಮಾಡುತ್ತಿರುತ್ತಾರೆ. ಪೋಸ್ಟ್ ಆಫೀಸಿನಲ್ಲಿ ಯಾರೂ ಇರುವುದಿಲ್ಲ, ಫಿಲ್ಟರ್ ಕಾಫಿ ಕೌಂಟರಿನಲ್ಲಿ ಎಲ್ಲರೂ ಇರುತ್ತಾರೆ. ಮುಟ್ಟಿದರೆ ಮಾತಾಡುವ ಆಮೆಯ ಮುಂದೆ ಮೊದಲ ವಾರವೇ ಒಂದು ಬೋರ್ಡು ಬರುತ್ತದೆ: ಮುಟ್ಟಬೇಡಿ.

ಬರದೇ ಇರುತ್ತಾ? ನಾವು ಬೆಳೆದಿದ್ದೇ ಆ ಬೋರ್ಡಿನ ಕೆಳಗೆ. ಷೋಕೇಸಿನ ಪಿಂಗಾಣಿ ಕಪ್ಪು ಮುಟ್ಟಬೇಡ. ಅಪ್ಪನ ರೇಡಿಯೋ ಮುಟ್ಟಬೇಡ. ಟಿ.ವಿ. ರಿಮೋಟಿನ ಪ್ಲಾಸ್ಟಿಕ್ ಕವರ್ ಬಿಚ್ಚಬೇಡ. ಎಷ್ಟೋ ಮನೆಗಳಲ್ಲಿ ಸೋಫಾದ ನಿಜವಾದ ಬಣ್ಣ ಯಾರಿಗೂ ಗೊತ್ತಿಲ್ಲ. ಇನ್ನು ಜನರ ನಡುವೆ ಹಾರಿ, ಜಿಗಿದು, ಚೀಲ ಹೊತ್ತು ಸುರಕ್ಷಿತವಾಗಿ ಆಚೆ ಬರುವ ಆಟ ಬೇಕಂದರೆ ಹಬ್ಬದ ವಾರದಲ್ಲಿ ಟಿ. ನಗರದ ಅಂಗಡಿಬೀದಿಗೆ ಹೋದರಾಯಿತು. ಎಲ್ಲ ಲೆವೆಲ್ಲೂ ಅಲ್ಲೇ ಇದೆ.

ಇಂಚರಾ ಮಾತ್ರ ನನ್ನ ಹಾಗೆ ಬರೀ ಕನಸು ಕಾಣುತ್ತ ಕೂರಲಿಲ್ಲ. ಅವಳಿಗೆ ಜಾಗವೂ ಸಿಕ್ಕಿತ್ತು, ತಾರೀಕೂ ಸಿಕ್ಕಿತ್ತು. ಬೊಂಬೆ ಮೆಟ್ಟಿಲಿನ ಮುಂದೆ, ನೆಲದ ಮೇಲೆ ಪಾರ್ಕು ಮಾಡುವುದು ಚೆನ್ನೈನಲ್ಲೂ ಉಂಟು, ನಮ್ಮಲ್ಲೂ ಉಂಟು. ಟ್ರೇನಲ್ಲಿ ರಾಗಿ ಚೆಲ್ಲಿ ಹುಲ್ಲು ಬೆಳೆಸುವುದು, ಕನ್ನಡಿ ಇಟ್ಟು ಕೊಳ ಮಾಡುವುದು, ಒಂದು ಝೂ, ಒಂದು ಕ್ರಿಕೆಟ್ ಮೈದಾನ.

"ಈ ವರ್ಷ ಪಾರ್ಕು ಬೇಡ. ಕಪ್ಪೆ ಲ್ಯಾಂಡು," ಅಂದಳು.

ನಾನು ತಕ್ಷಣ ಹೂಂ ಅಂದೆ. ಅದಕ್ಕೆ ಕಾರಣ ಹೋದ ವರ್ಷದ ಹಬ್ಬ.

ಹೋದ ವರ್ಷ ಈ ಅಪಾರ್ಟ್‌ಮೆಂಟಿನಲ್ಲಿ ನಮಗೆ ಮೊದಲ ನವರಾತ್ರಿ. ಹನ್ನೆರಡು ಮನೆ, ನಾವು ಎರಡನೇ ಮಹಡಿ. ನಾನೂ ಇಂಚರಾನೂ ಸೇರಿ ಏಳು ಮೆಟ್ಟಿಲು ಬೊಂಬೆ ಕೂರಿಸಿದೆವು. ಮೈಸೂರಲ್ಲಿ ಸಂಜೆ ಆದರೆ ಸಾಕು, ಬೀದಿಯ ಮಕ್ಕಳು ಗುಂಪು ಕಟ್ಟಿಕೊಂಡು ಬರುತ್ತವೆ. ಗೊತ್ತಿರಲಿ ಬಿಡಲಿ, ಯಾವ ಮನೆಯ ಮುಂದೆ ಬೇಕಾದರೂ ನಿಂತು "ಬೊಂಬೆ ಕೂರ್ಸಿದ್ದೀರಾ?" ಅಂತ ಕೂಗುತ್ತವೆ. ಬೊಂಬೆ ನೋಡಿ, ಒಂದು ಹಾಡು ಹೇಳಿ, ಬೊಂಬೆ ಬಾಗಿನ ಅಂತ ನಾವು ಕೊಡುವ ಕೋಡುಬಳೆ, ಉಂಡೆ ಇಸಕೊಂಡು ಮುಂದಿನ ಮನೆಗೆ ಓಡುತ್ತವೆ. ಕರೆಯುವ ಮಾತೇ ಇಲ್ಲ.

ಹಾಗಂತ ನಾವು ಮೂರು ಡಬ್ಬ ಕೋಡುಬಳೆ ಮಾಡಿಟ್ಟು, ಬಾಗಿಲು ತೆರೆದಿಟ್ಟು ಕಾದೆವು. ಒಂದು ದಿನ. ಎರಡು ದಿನ. ಒಂಬತ್ತು ದಿನ. ಬೆಲ್ಲು ಹೊಡೆದವರೆಲ್ಲ ಪಾರ್ಸಲ್ ತಂದವರು. ಪ್ರತಿ ಸಲ ಬೆಲ್ ಆದಾಗಲೂ ಇಂಚರಾ ಲಂಗ ಎತ್ತಿ ಹಿಡಿದು ಓಡುತ್ತಿದ್ದಳು, ಡಬ್ಬ ಕೈಲಿ ಹಿಡಿದು ವಾಪಸ್ ಬರುತ್ತಿದ್ದಳು. ಒಂಬತ್ತನೇ ದಿನ ಓಡುವುದನ್ನೂ ಬಿಟ್ಟಳು. "ಇಲ್ಲಿ ಯಾರಿಗೂ ನಮ್ಮನ್ನ ಇಷ್ಟ ಇಲ್ಲಮ್ಮ," ಅಂದಳು. ಕೋಡುಬಳೆಯನ್ನು ನಾನು ದೀಪಾವಳಿಯವರೆಗೂ ಸಿಟ್ಟಿನಿಂದ ತಿಂದೆ.

ಅದಕ್ಕೇ ಈ ವರ್ಷ ಕಪ್ಪೆ. ಕಪ್ಪೆ ಇದ್ದರೆ ಬಿಲ್ಡಿಂಗಿನ ಮಕ್ಕಳು ಬಂದೇ ಬರುತ್ತಾರೆ ಅನ್ನುವುದು ಅವಳ ಲೆಕ್ಕ. ಶನಿವಾರ ನಾಲ್ಕು ಗಂಟೆಗೆ ಉದ್ಘಾಟನೆ. ಪೋಸ್ಟರು ಅವಳೇ ಬರೆದು ಗುರುವಾರ ಲಿಫ್ಟಿನಲ್ಲಿ ಅಂಟಿಸಿದಳು. ನಾನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬೊಂಬೆ ಫೋಟೋ ಹಾಕಿದೆ. ಹನ್ನೊಂದು ಹೆಬ್ಬೆರಳು ಬಂದವು.

ಕಪ್ಪೆ ತಯಾರಾಗಿದ್ದು ಹೀಗೆ: ಪುರಸೈವಾಕ್ಕಂ ಮಾರ್ಕೆಟ್ಟಿನಲ್ಲಿ ತಂದ ಹಸಿರು ಪ್ಲಾಸ್ಟಿಕ್ ಬೇಸಿನ್ನು ಬೋರಲು, ಅದಕ್ಕೆ ಎರಡು ಪಿಂಗ್‌ಪಾಂಗ್ ಚೆಂಡಿನ ಕಣ್ಣು. ಕೆಳಗೆ ಹಳೇ ಆಟಿಕೆ ಕಾರಿನ ಮೋಟರು, ನಮ್ಮ ಯಜಮಾನರ ಕೈಚಳಕ. (ಕಾರಿನ ಬಿಡಿಭಾಗದ ಕಂಪನಿಯಲ್ಲಿ ಇಂಜಿನಿಯರು. ಮನೆಯ ಮಿಕ್ಸಿ ಕೆಟ್ಟು ಮೂರು ತಿಂಗಳಾಯಿತು, ಅದಕ್ಕೆ ಮಾತ್ರ ಟೈಮಿಲ್ಲ.) ಉದ್ದ ವೈರಿನ ತುದಿಯಲ್ಲಿ ಒಂದು ಹಳೇ ಕಾಲಿಂಗ್ ಬೆಲ್ ಸ್ವಿಚ್ಚು. ಒತ್ತಿದರೆ ಕಪ್ಪೆ ಓಡುತ್ತದೆ. ಬಂದ ಮಕ್ಕಳು ಸ್ವಿಚ್ಚು ಒತ್ತಿ, ಏಳು ದ್ವೀಪ ಸುತ್ತಿಸಿ ಕಾಗದ ಮುಟ್ಟಿಸಬೇಕು. ಕಪ್ಪೆ ಮೇಲೆ ಸವಾರಿಗೆ ಯಾರಾದರೂ ಬೇಕಲ್ಲ? ಇಂಚರಾ ಮಹಾರಾಜರನ್ನು ಕೂರಿಸಿದಳು. ನಾನು ನೋಡಿಯೂ ನೋಡದ ಹಾಗಿದ್ದೆ.

ಈಗ ಶುಕ್ರವಾರ ಬೆಳಿಗ್ಗೆಗೆ ವಾಪಸ್ ಬನ್ನಿ.

"ಕೂರ್ಸಿದ ಬೊಂಬೆ ವಿಜಯದಶಮಿವರೆಗೂ ಅಲ್ಲಾಡೋ ಹಾಗಿಲ್ಲ. ದಶಮಿ ದಿನ ಮಲಗ್ಸಿದ ಮೇಲೇನೇ ಕೈ ಹಾಕೋದು. ನಿಂಗೆ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?" ಅತ್ತೆಯ ಬಾಣ ನನ್ನ ತಲೆ ಮೇಲೆ ಹಾದು ಮೈಸೂರಿನಲ್ಲಿರುವ ನಮ್ಮಮ್ಮನವರೆಗೂ ಹೋಯಿತು. "ಮೊದ್ಲು ರಾಜನ್ನ ಅಲ್ಲಿಂದ ಇಳ್ಸಿ ಮೆಟ್ಟಿಲ ಮೇಲೆ ಕೂರ್ಸು."

ಇಂಚರಾ ಒಂದು ಕ್ಷಣ ಯೋಚಿಸಿದಳು. ಆಮೇಲೆ ಅವಳು ಹೇಳಿದ ಮಾತು ಕೇಳಿ ನಾನು ಒಗ್ಗರಣೆ ಸೌಟು ಕೆಳಗಿಟ್ಟೆ.

"ಆದರೆ ಅಜ್ಜಿ, ರಾಜನ್ನ ನಾವು ಕೂರ್ಸಿದ್ದೇ ಕಪ್ಪೆ ಮೇಲೆ. ಮೊದಲನೇ ದಿನವೇ. ಈಗ ಇಳ್ಸಿದ್ರೆ ಅಲ್ಲಾಡ್ಸಿದ ಹಾಗಾಗಲ್ವಾ?"

ನಮ್ಮತ್ತೆ ಜೀವಮಾನದಲ್ಲಿ ಯಾರ ಹತ್ತಿರವೂ ಸೋತವರಲ್ಲ. ನನ್ನ ಹತ್ತಿರ ಅಂತೂ ಇಲ್ಲವೇ ಇಲ್ಲ. ರಾಜನನ್ನು ನೋಡಿದರು, ಕಪ್ಪೆಯನ್ನು ನೋಡಿದರು.

"ಸರಿ. ಕೂತ ಕಡೆ ಕೂತಿರ್ಲಿ," ಅಂದರು ಕೊನೆಗೆ. "ಕಪ್ಪೆನೂ ಅಲ್ಲಾಡೋ ಹಾಗಿಲ್ಲ. ಆ ಬ್ಯಾಟ್ರಿ ಕಿತ್ಹಾಕು."

ಗೆದ್ದವಳೂ ಸೋತಳು. ಮಹಾರಾಜರು ವಿಜಯದಶಮಿಯವರೆಗೂ ಕಪ್ಪೆಯ ಮೇಲೆಯೇ ಉಳಿದರು. ಕಪ್ಪೆ ಮೂರನೇ ದ್ವೀಪದ ಪಕ್ಕ ನಿಂತುಬಿಟ್ಟಿತು. ಬ್ಯಾಟರಿ ಅತ್ತೆಯ ಕುಂಕುಮದ ಬಟ್ಟಲಿನ ಪಕ್ಕ ಸೇರಿತು.

ಇಂಚರಾ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಸ್ವಿಚ್ಚು ಕೈಯಲ್ಲಿ ಹಿಡಿದು ಟಿಕ್ ಟಿಕ್ ಅಂತ ಒತ್ತುತ್ತ ಕೂತಳು. "ಇಂಟರಾಕ್ಟಿವ್ ಅಂತ ಪೋಸ್ಟರ್‌ನಲ್ಲಿ ಬರ್ದಿದ್ದೀನಿ ಅಮ್ಮ. ಈಗ ಬಂದೋರು ಏನು ಮಾಡ್ತಾರೆ?" ಅಂದಳು. ನನಗೆ ಅತ್ತೆಯ ಮೇಲೆ ಸಿಟ್ಟು ಉಕ್ಕಿ ಬಂತು. ಆದರೆ ರೈಲಿನಲ್ಲಿ ರಾತ್ರಿಯೆಲ್ಲ ಮಂಡಿ ನೋವು ಸಹಿಸಿಕೊಂಡು ಬಂದವರಿಗೆ ಏನು ಹೇಳುವುದು? ಕಾಫಿ ಕೊಟ್ಟೆ. ಸ್ವಲ್ಪ ಜೋರಾಗಿ ಲೋಟ ಇಟ್ಟೆ, ಅಷ್ಟೇ.

ಶನಿವಾರ ನಾಲ್ಕು ಗಂಟೆ.

ಇಂಚರಾ ತಲೆಗೆ ಹಸಿರು ಟೋಪಿ, ಅದರ ಮೇಲೆ ಎರಡು ಕಣ್ಣು. ಹೆಗಲಿಗೆ ಪೋಸ್ಟ್‌ಮ್ಯಾನ್ ಚೀಲ. ಬಾಗಿಲಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದಳು. ನಾಲ್ಕೂಕಾಲು. ಲಿಫ್ಟು ಮೇಲೆ ಹೋಯಿತು, ಕೆಳಗೆ ಬಂತು, ನಮ್ಮ ಮಹಡಿಯಲ್ಲಿ ನಿಲ್ಲಲಿಲ್ಲ. ನಾಲ್ಕೂವರೆ. ಬೆಲ್ಲು ಆಯಿತು.

ಓಡಿದಳು.

ಪಾರ್ಸಲ್.

ನಾನು ಲಿಫ್ಟಿನೊಳಗೆ ಹೋಗಿ ನೋಡಿದೆ. ಪೋಸ್ಟರು ಇರಲಿಲ್ಲ. ನಾಲ್ಕು ಮೂಲೆಯಲ್ಲಿ ಟೇಪಿನ ಚೂರು ಮಾತ್ರ. ಇನ್ಯಾರ ಕೆಲಸ! ಮೂರನೇ ಮಹಡಿಯ ಅಸೋಸಿಯೇಷನ್ ಸೆಕ್ರೆಟರಿ. ಅನುಮತಿ ಇಲ್ಲದೆ ಏನನ್ನೂ ಅಂಟಿಸುವ ಹಾಗಿಲ್ಲ ಅಂತ ವಾರಕ್ಕೊಂದು ಮೆಸೇಜು ಹಾಕುವ ಮನುಷ್ಯ. ಆತ ನಕ್ಕಿದ್ದನ್ನು ನಾವು ಯಾರೂ ಕಂಡಿಲ್ಲ.

ವಾಪಸ್ ಬಂದು ನೋಡಿದರೆ ಇಂಚರಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಳು. ಅತ್ತೆ ದಿವಾನದ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು. ನನ್ನ ಕಡೆ ತಿರುಗಿ ಮೆಲ್ಲಗೆ, "ನಾನು ಬ್ಯಾಟ್ರಿ ತೆಗೆದಿದ್ದಕ್ಕಾ?" ಅಂದರು. ಅವರ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಅಲ್ಲ ಅತ್ತೆ. ಹೋದ ವರ್ಷವೂ ಯಾರೂ ಬರಲಿಲ್ಲ. ಇಲ್ಲಿ ಮಕ್ಕಳು ಹಾಗೆ ಮನೆಮನೆಗೆ ಬರಲ್ಲ."

"ಬರ್ದೇ ಇದ್ರೆ ನಾವು ಹೋಗೋದಪ್ಪ! ಅದಕ್ಕೇನಂತೆ?" ಅತ್ತೆ ಮಂಡಿ ಹಿಡಿದುಕೊಂಡು ಎದ್ದೇಬಿಟ್ಟರು. "ಇವಳಷ್ಟಿದ್ದಾಗ ನಾನು ಸಾಯಂಕಾಲಕ್ಕೆ ನಾಲ್ಕು ಬೀದಿ ಸುತ್ತಿ ಬರ್ತಿದ್ದೆ. ಲಂಗದ ಮಡಿಲು ತುಂಬ ಬಾಗಿನ. ಏಳೇ ಇಂಚರಾ. ಆ ಟೋಪಿ ಹಾಕ್ಕೋ."

ನನಗೆ ಗಾಬರಿ. "ಅತ್ತೆ, ಕರೆಯದೆ ಹಾಗೆಲ್ಲ ಹೋಗೋಕಾಗಲ್ಲ. ಫೋನಾದ್ರೂ ಮಾಡಿ..."

"ಬೊಂಬೆ ನೋಡಕ್ಕೆ ಫೋನು ಯಾಕೆ? ನಿನ್ನ ಕೋಡುಬಳೆ ಪೊಟ್ಟಣ ಕಟ್ಟು, ಸುಮ್ನೆ ಬಾ."

ಏಳು ಪೊಟ್ಟಣ ಕಟ್ಟಿದೆ. ಇಂಚರಾ ಅವನ್ನು ಪೋಸ್ಟ್‌ಮ್ಯಾನ್ ಚೀಲಕ್ಕೆ ಹಾಕಿಕೊಂಡಳು. ಮೊದಲ ಮಹಡಿ, ಬಲಗಡೆ ಮನೆ. ಅಲ್ಲಿರುವ ಮಾಮಿಯ ಮುಖಪರಿಚಯವಷ್ಟೇ ನನಗಿತ್ತು. ಲಿಫ್ಟಿನಲ್ಲಿ ಸಿಕ್ಕರೆ ಒಂದು ನಗು, ಎರಡು ವರ್ಷದಿಂದ ಅಷ್ಟೇ. ಅತ್ತೆ ಬೆಲ್ ಒತ್ತಿದರು. ಒಂದಲ್ಲ, ಮೂರು ಸಲ. ನಾನು ಇಬ್ಬರ ಹಿಂದೆ ಅವಿತುಕೊಂಡೆ.

ಬಾಗಿಲು ತೆರೆಯಿತು. ಅತ್ತೆ ಅಚ್ಚ ಕನ್ನಡದಲ್ಲಿ, ಮೈಸೂರಿನ ಬೀದಿಗೆಲ್ಲ ಕೇಳುವ ಹಾಗೆ: "ಬೊಂಬೆ ಕೂರ್ಸಿದ್ದೀರಾ?"

ಮಾಮಿ ಕಣ್ಣುಕಣ್ಣು ಬಿಟ್ಟರು. ಅತ್ತೆ ಇಂಚರಾಗೆ ಮೊಣಕೈಯಿಂದ ತಿವಿದರು. ಶಾಲೆಯಲ್ಲಿ ಕಲಿತ ತಮಿಳಿನಲ್ಲಿ ಇಂಚರಾ ತಡವರಿಸಿದಳು: "ಮಾಮಿ... ಕೊಲು ಪಾಕ್ಕ ವಂದಿರುಕ್ಕೋಂ." ಬೊಂಬೆ ನೋಡಲು ಬಂದಿದ್ದೇವೆ.

"ಅಯ್ಯೋ, ವಾಂಗೋ ವಾಂಗೋ!" ಮಾಮಿ ಬಾಗಿಲು ಪೂರ್ತಿ ತೆಗೆದರು. ಒಳಗೆ ಒಂಬತ್ತು ಮೆಟ್ಟಿಲಿನ ಕೊಲು, ದೀಪ, ಸುಂಡಲ್ (ಅಂದರೆ ನಮ್ಮ ಉಸಲಿಯೇ) ಪರಿಮಳ. ಮಾಮಿಯ ಮೊಮ್ಮಗಳು ಶ್ರೀಜಾ ಇಂಚರಾಳ ಟೋಪಿಯನ್ನೇ ನೋಡಿ, "ಏಯ್! ಪೋಸ್ಟ್‌ಮ್ಯಾನ್ ಕಪ್ಪೆ! ನೀನು ಎಷ್ಟನೇ ದ್ವೀಪ?" ಅಂತ ತಮಿಳಿನಲ್ಲಿ ಕೂಗಿದಳು. ಇಬ್ಬರೂ ಹತ್ತು ನಿಮಿಷ ನಮ್ಮ ಲೋಕದಲ್ಲಿರಲಿಲ್ಲ.

ಮಾಮಿ ನನ್ನ ಕೈ ಹಿಡಿದು ಕೂರಿಸಿದರು. ಆಮೇಲೆ ಸ್ವಲ್ಪ ಮುನಿಸಿನಲ್ಲೇ, ತಮಿಳಿನಲ್ಲಿ ಕೇಳಿದರು: "ಹೋದ ವರ್ಷ ನಿಮ್ಮನೇಲೂ ಕೊಲು ಇತ್ತಲ್ಲ. ನೀಂಗ ಕೂಪ್ಪಿಡವೇ ಇಲ್ಲಿಯೇ!"

ನೀವು ಕರೆಯಲೇ ಇಲ್ಲವಲ್ಲ.

ಇಲ್ಲಿಯ ಪದ್ಧತಿ ಮಾಮಿ ಬಿಡಿಸಿ ಹೇಳಿದರು. ಕೊಲು ಇಟ್ಟ ಮನೆಯವರು ಕುಂಕುಮದ ಬಟ್ಟಲು ಹಿಡಿದು, ಮನೆಮನೆಗೆ ಖುದ್ದಾಗಿ ಹೋಗಿ ಕರೆಯಬೇಕು. ಕರೆಯದ ಮನೆಗೆ ಯಾರೂ ಹೋಗುವುದಿಲ್ಲ, ಅದು ಮರ್ಯಾದೆಯಲ್ಲ. "ಟೆರೇಸಿಗೆ ಹೋಗುವಾಗ ನಿಮ್ಮ ಬಾಗಿಲು ತೆರೆದಿರ್ತಿತ್ತು, ದೀಪ ಕಾಣಿಸ್ತಿತ್ತು. ಶ್ರೀಜಾ ದಿನಾ ಕೇಳ್ತಿದ್ದಳು. ಕರೀಲಿ, ಹೋಗೋಣ ಅಂತ ನಾನೇ ತಡೆದೆ. ನಿಮಗೆ ಜನ ಸೇರಲ್ಲವೇನೋ ಅಂದುಕೊಂಡ್ವಿ."

ಅಂದರೆ ಏನಾಯಿತು ನೋಡಿ. ಅವರು ಬರಲಿ ಅಂತ ನಾವು ಬಾಗಿಲು ತೆರೆದು ಒಂಬತ್ತು ದಿನ ಕಾದೆವು. ನಾವು ಕರೆಯಲಿ ಅಂತ ಅವರು ಒಂಬತ್ತು ದಿನ ಕಾದರು. ನಡುವೆ ಹದಿನೆಂಟು ಮೆಟ್ಟಿಲು. ನಾನು ಆ ಕೋಡುಬಳೆಯನ್ನೆಲ್ಲ ಯಾರ ಮೇಲಿನ ಸಿಟ್ಟಿಗೆ ತಿಂದೆ?

ಇಂಚರಾ ಅಷ್ಟರಲ್ಲಿ ಓಡಿ ಬಂದಳು. ಮುಖ ಕೆಂಪಾಗಿತ್ತು. "ಅಮ್ಮಾ! ಕಪ್ಪೆ ಕೆಲಸವೇ ಲೆಟರ್ ಕೊಡೋದು! ನಾವು ಯಾರಿಗೂ ಲೆಟರೇ ಕೊಟ್ಟಿಲ್ಲ! ಇದು ಫಸ್ಟ್ ದ್ವೀಪ, ಇನ್ನೂ ಆರು ಇದೆ!" ಅಂದವಳೇ ಚೀಲದಿಂದ ಕೋಡುಬಳೆ ಪೊಟ್ಟಣ ತೆಗೆದು ಮಾಮಿಯ ಕೈಗಿಟ್ಟು, ತಮಿಳಿನಲ್ಲಿ ಗಟ್ಟಿಯಾಗಿ ನಮ್ಮ ಮನೆಗೆ ಕರೆದಳು. ಮಾಮಿ ತಮ್ಮ ಕುಂಕುಮದ ಬಟ್ಟಲನ್ನೇ ಕೊಟ್ಟು, "ಇದನ್ನ ಹಿಡ್ಕೊಂಡು ಹೋಗು, ಯಾರೂ ಇಲ್ಲ ಅನ್ನಲ್ಲ," ಅಂದರು. ಶ್ರೀಜಾ ಚಪ್ಪಲಿಯೂ ಹಾಕದೆ ನಮ್ಮ ಜೊತೆ ಹೊರಟಳು.

ಆಮೇಲೆ ನಡೆದದ್ದು ನನ್ನ ಕೈಮೀರಿತ್ತು. ಮುಂದಿನ ಮನೆಯಿಂದ ಇಬ್ಬರು ಮಕ್ಕಳು ಸೇರಿದರು. ಅದರ ಮುಂದಿನ ಮನೆಯಲ್ಲಿ ಹೊಸದಾಗಿ ಮದುವೆಯಾದ ಕೊಯಮತ್ತೂರಿನ ದಂಪತಿ. ಅವರು ಕೊಲು ಇಟ್ಟಿರಲಿಲ್ಲ, ನಾಚಿಕೊಂಡು ಫ್ರಿಜ್ಜಿನಿಂದ ಚಾಕೊಲೇಟು ಕೊಟ್ಟು, ತಾವೂ ಬಾಗಿಲು ಎಳೆದುಕೊಂಡು ಹಿಂದೆ ಬಂದರು. ಒಂದು ಮನೆಗೆ ಬೀಗ. "ತಪ್ಪು ಎಲೆ, ತಪ್ಪು ಎಲೆ!" ಅಂತ ಮಕ್ಕಳು ಕಿರುಚಿದರು. ಇನ್ನೊಂದು ಮನೆಯಲ್ಲಿ ಹಾಡು ಹೇಳಿದರೇ ಸುಂಡಲ್ ಅಂದರು. ಅತ್ತೆ ಹಾಡಿದರು. ಎರಡನೇ ಸಾಲು ಮರೆತು ಮೊದಲನೇ ಸಾಲನ್ನೇ ನಾಲ್ಕು ಸಲ ಹಾಡಿದರು. ಯಾರಿಗೂ ಭಾಷೆ ಬರದ ಕಾರಣ ಚಪ್ಪಾಳೆ ಬಂತು. ಮಂಡಿ ನೋವು ಎಲ್ಲಿ ಹೋಗಿತ್ತೋ ಆ ಶಿವನೇ ಬಲ್ಲ.

ಏಳನೇ ದ್ವೀಪ, ಮೂರನೇ ಮಹಡಿ. ಸೆಕ್ರೆಟರಿ ಮನೆ.

"ಕೊಕ್ಕರೆ," ಅಂತ ಇಂಚರಾ ಪಿಸುಗುಟ್ಟಿದಳು. ನಾನು ನಿಜಕ್ಕೂ ಅತ್ತೆಯ ಸೆರಗು ಎಳೆದೆ. ಅವರು ಕೇಳಿದರೆ ತಾನೆ! ಬೆಲ್ಲು ಒತ್ತಿಯೇಬಿಟ್ಟರು.

ಉದ್ದ ಕತ್ತು, ಮೂಗಿನ ತುದಿಗೆ ಕನ್ನಡಕ. ಬಾಗಿಲು ತೆರೆದು ಸೆಕ್ರೆಟರಿ ನಮ್ಮೆಲ್ಲರನ್ನೂ ಎಣಿಸಿದರು. "ವಾಟ್ ಈಸ್ ದಿಸ್? ಗ್ರೂಪ್ ಕಂಪ್ಲೇಂಟಾ?"

ಇಂಚರಾ ಕುಂಕುಮದ ಬಟ್ಟಲು ಮುಂದೆ ಹಿಡಿದಳು. ತಮಿಳಿನಲ್ಲೇ ಶುರು ಮಾಡಿದಳು. "ಅಂಕಲ್, ನಮ್ಮನೆಗೆ ಕೊಲು ನೋಡೋಕೆ ಬನ್ನಿ. ಕಪ್ಪೆ ಲ್ಯಾಂಡ್ ಇದೆ. ನೀವು ಪೋಸ್ಟರ್ ತೆಗೆದುಬಿಟ್ರಿ, ಅದಕ್ಕೆ ಯಾರೂ ಬರಲಿಲ್ಲ."

ಸೆಕ್ರೆಟರಿ ಒಳಗೆ ಹೋದರು. ಮಡಿಸಿಟ್ಟ ಪೋಸ್ಟರು ಹಿಡಿದು ಬಂದರು. ಹರಿದಿರಲಿಲ್ಲ, ಮಡಿಕೆ ಕೂಡ ನೀಟಾಗಿತ್ತು. "ಪರ್ಮಿಷನ್ ಕೇಳೋಕೆ ಬರ್ತಾರೆ, ಕೊಡೋಣ ಅಂತ ಎತ್ತಿಟ್ಟಿದ್ದೆ. ಯಾರೂ ಬರಲಿಲ್ಲ." (ಇವರೂ ಕಾಯುತ್ತಿದ್ದರು!) ಆಮೇಲೆ ಪೋಸ್ಟರಿನ ಚಿತ್ರಕ್ಕೆ ಬೆರಳಿಟ್ಟು ಗಂಭೀರವಾಗಿ ಕೇಳಿದರು, "ಈ ಕಪ್ಪೆ ಮೇಲೆ ಕಿರೀಟ ಹಾಕ್ಕೊಂಡು ಕೂತಿರೋರು ಯಾರು?"

"ಮಹಾರಾಜ, ಅಂಕಲ್. ಇಳಿಸೋ ಹಾಗಿಲ್ಲ. ಅಜ್ಜಿ ರೂಲು. ಒಂದ್ಸಲ ಕೂರ್ಸಿದ ಮೇಲೆ ವಿಜಯದಶಮಿವರೆಗೂ ಅವರು ಕಪ್ಪೆ ಮೇಲೇನೇ ಇರಬೇಕು."

ಸೆಕ್ರೆಟರಿಯ ಮೀಸೆ ಮೊದಲು ಅಲ್ಲಾಡಿತು. ಆಮೇಲೆ ಭುಜ. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನಾನೂ ಹಾಗೇ ಅಮ್ಮಾ! ಒಂದು ವರ್ಷಕ್ಕೆ ಅಂತ ಸೆಕ್ರೆಟರಿ ಮಾಡಿ ಕೂರಿಸಿದರು, ಆರು ವರ್ಷವಾಯಿತು, ಯಾರೂ ಇಳಿಸ್ತಿಲ್ಲ!"

ಕಾರಿಡಾರಿನಲ್ಲಿ ಮಕ್ಕಳ ಕಿರುಚಾಟಕ್ಕೆ ಲಿಫ್ಟೇ ಬೆಚ್ಚಿರಬೇಕು. ಕೊಕ್ಕರೆ ನಕ್ಕಿತ್ತು. ಗೇಮ್ ಮುಗಿದಿತ್ತು.

ಆ ಸಂಜೆ ನಮ್ಮ ಹಾಲಿನಲ್ಲಿ ಕೂರಲು ಜಾಗವಿರಲಿಲ್ಲ. ಬೊಂಬೆಗಳು ಎಳ್ಳಷ್ಟೂ ಅಲ್ಲಾಡಲಿಲ್ಲ, ಅತ್ತೆ ಕಾವಲಿಗೆ ಕೂತಿದ್ದರು. ಅಲ್ಲಾಡಿದ್ದು ಜನ. ಬ್ಯಾಟರಿ ಇಲ್ಲದ ಸ್ವಿಚ್ಚನ್ನು ಯಾರೂ ಕೇಳಲೂ ಇಲ್ಲ. ಸೆಕ್ರೆಟರಿ ಮಾತ್ರ ಮಹಾರಾಜರ ಮುಂದೆ ಬಹಳ ಹೊತ್ತು ನಿಂತು ಫೋಟೋ ತೆಗೆದುಕೊಂಡರು. ಅದೀಗ ಅವರ ವಾಟ್ಸಾಪ್ ಡಿಪಿ.

ನಾನು ಥೀಮ್ ಪಾರ್ಕಿನ ವಿರೋಧಿಯಲ್ಲ. ಕಪ್ಪೆ ಲ್ಯಾಂಡು ನಿಜವಾಗಿ ಬಂದರೆ ಮೊದಲ ದಿನವೇ ಕ್ಯೂನಲ್ಲಿ ನಾನಿರುತ್ತೇನೆ, ನಾಲಿಗೆ ಮೇಲೆ ಜಾರಲೂ ಜಾರುತ್ತೇನೆ. ಆದರೆ ತಟ್ಟಿದರೆ ಒಳಗಿನಿಂದ ಯಾರೋ ಮಾತಾಡುವ ಬಾಗಿಲು ನೋಡಲು ಅಷ್ಟು ದೂರ ಹೋಗಬೇಕೇ ಅಂತ ಈಗ ಅನುಮಾನ ಶುರುವಾಗಿದೆ. ನಮ್ಮ ಬಿಲ್ಡಿಂಗಿನಲ್ಲೇ ಹನ್ನೆರಡಿವೆ. ಪ್ರತಿಯೊಂದರ ಹಿಂದೆಯೂ ಬೇರೆ ಬೇರೆ ಮಾತು, ಬೇರೆ ಬೇರೆ ಸುಂಡಲ್. ಎರಡು ವರ್ಷ ನಾನು ಅವುಗಳ ಮುಂದೆ ಲಿಫ್ಟಿಗೆ ಕಾಯುತ್ತ ನಿಂತಿದ್ದೆ.

ವಿಜಯದಶಮಿಯ ಸಂಜೆ ದೀಪ ಹಚ್ಚಿ, ಆರತಿ ಮಾಡಿ, ಅತ್ತೆ ಮೊದಲು ಮಹಾರಾಣಿಯನ್ನು ಮಲಗಿಸಿದರು. ಆಮೇಲೆ ಮಹಾರಾಜರನ್ನು ಕಪ್ಪೆಯಿಂದ ಇಳಿಸಿ ಪಕ್ಕದಲ್ಲಿ ಮಲಗಿಸಿದರು. ಒಂದು ಕ್ಷಣ ನಿಂತು, ಕಪ್ಪೆಯನ್ನೂ ಮೆಲ್ಲಗೆ ಮಗುಚಿ ಇಟ್ಟರು. "ಅದೂ ಒಂಬತ್ತು ದಿನ ಹೊತ್ತಿದೆ, ಪಾಪ," ಅಂದರು. ಬ್ಯಾಟರಿಯನ್ನು ಇಂಚರಾ ಕೈಗೆ ಕೊಟ್ಟರು. ಅವಳು ಅದನ್ನು ಹಾಕುವಷ್ಟರಲ್ಲಿ ಬೆಲ್ಲು ಹೊಡೆಯಿತು.

ಬಾಗಿಲಲ್ಲಿ ಶ್ರೀಜಾ, ಹಿಂದೆ ಐದಾರು ಮಕ್ಕಳು. ಯಾರೂ ಕರೆದಿರಲಿಲ್ಲ, ಯಾರ ಕೈಯಲ್ಲೂ ಬಟ್ಟಲಿರಲಿಲ್ಲ. ಬಾಯಿಪಾಠ ಮಾಡಿಕೊಂಡು ಬಂದಿದ್ದರು ಅಂತ ಕಾಣುತ್ತದೆ, ಒಟ್ಟಿಗೇ ಒದರಿದರು: "ಬೊಂಬೆ ಕೂರ್ಸಿದ್ದೀರಾ?"

ಬೊಂಬೆಗಳೆಲ್ಲ ಆಗಷ್ಟೇ ಮಲಗಿದ್ದವು. ಆದರೂ ನಮ್ಮತ್ತೆ, ಇಂಚರಾ ಇಬ್ಬರೂ ಒಂದೇ ಉಸಿರಿಗೆ "ಹೂಂ, ಬನ್ನಿ ಬನ್ನಿ!" ಅಂದರು.

ಅಂದಹಾಗೆ, ಕೈಯಲ್ಲಿ ಪಾರ್ಸಲ್ ಇಲ್ಲದವರು ನಿಮ್ಮ ಮನೆಯ ಬೆಲ್ ಒತ್ತಿ ಎಷ್ಟು ದಿನವಾಯಿತು?